ಸೆಂಟ್ರಿಂಗ್ ಮೇಲೆ ಕಟ್ ಆದ ಕೇಕು: ಒಂದು ಸರ್ಕಾರಿ ಹೈಸ್ಕೂಲಿನ ರಿಪೇರಿ ವರ್ಷ

ಇದು 2023-24ರ ಕಥೆ. ತುಮಕೂರು ಕಡೆಯ ಒಂದು ಹೋಬಳಿ ಊರಿನ ಸರ್ಕಾರಿ ಹೈಸ್ಕೂಲು, ಅಷ್ಟು ಗೊತ್ತಿದ್ರೆ ಸಾಕು. ನಾನು ಆಗ ಅಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು, ಜತೆಗೆ ಸಾಂಸ್ಕೃತಿಕ ಚಟುವಟಿಕೆ ಉಸ್ತುವಾರಿ ಅಂತ ಒಂದು ಬಾಲ. ಯಾರ ಹೆಸ್ರೂ ಬರೆಯಲ್ಲ, ಗುರುತು ಹತ್ತಬಾರ್ದು ಅಂತ ಒಂದೆರಡು ಸಣ್ಣ ವಿವರ ಅದಲು ಬದಲು ಮಾಡಿದೀನಿ, ಆದ್ರೆ ಯಾವ ತೀರ್ಮಾನ ಯಾವಾಗ ತಗೊಂಡ್ವಿ, ಎಲ್ಲಿ ಎಡವಿದ್ವಿ ಅನ್ನೋದು ಇದ್ದ ಹಾಗೇ ಇದೆ. ರಿಪೇರಿಗೆ ದುಡ್ಡು ಬಂತು ಅಂತ ಖುಷಿಯಾಗಿರೋ ಬೇರೆ ಶಾಲೆಯವ್ರು ಓದ್ಲಿ ಅಂತ ಬರೀತಿದೀನಿ.

ಹಿನ್ನೆಲೆ

ಒಂಬತ್ತು ಕೋಣೆ ಶಾಲೆ. ಅದ್ರಲ್ಲಿ ಐದು ಆರ್‌ಸಿಸಿ, ನಾಲ್ಕು ಹಳೇ ಕಲ್ಲು ಗೋಡೆ ಮಂಗಳೂರು ಹೆಂಚಿನವು. ಆ ನಾಲ್ಕರಲ್ಲಿ ಮೂರು ಕೋಣೆ ಮಧ್ಯ ಗೋಡೆ ಇಲ್ಲ, ಮಡಚೋ ಮರದ ಬಾಗಿಲು, ತೆಗೆದುಬಿಟ್ರೆ ಒಂದೇ ದೊಡ್ಡ ಹಾಲು. ಸ್ವಾಗತ ಸಮಾರಂಭ, ಟೀಚರ್ಸ್ ಡೇ, ರಾಜ್ಯೋತ್ಸವ, ಸರಸ್ವತಿ ಪೂಜೆ, ಬೀಳ್ಕೊಡುಗೆ ಎಲ್ಲಾ ಅಲ್ಲೇ. ಊರಲ್ಲಿ ಐವತ್ತು ದಾಟಿದವ್ರೆಲ್ಲಾ ಆ ಹಾಲಲ್ಲಿ ಒಂದಲ್ಲ ಒಂದ್ಸಲ ಬಣ್ಣ ಹಚ್ಚಿದವ್ರೇ. ಪಕಾಸಿಗೆ ಗೆದ್ದಲು ಹತ್ತಿತ್ತು, ಹೆಂಚು ಜಾರಿ ಬೀಳ್ತಿತ್ತು, ಮಳೆಗಾಲದಲ್ಲಿ ಮೂರು ಬಕೆಟ್ ಇಟ್ಕೊಂಡು ಪಾಠ. ನಾಲ್ಕೂ ಕೋಣೆಗೆ ಹೊಸ ಸ್ಲ್ಯಾಬು, ನೆಲ, ವೈರಿಂಗು ಮಾಡ್ಸೋಕೆ ಮಂಜೂರಾಯ್ತು.

ಲೆಕ್ಕದ ಪ್ರಕಾರ ಕೆಲಸ ಏಪ್ರಿಲ್-ಮೇ ರಜೇಲಿ ಆಗ್ಬೇಕಿತ್ತು. ಆದ್ರೆ 2023ರ ಮಾರ್ಚ್ 29ಕ್ಕೆ ವಿಧಾನಸಭಾ ಚುನಾವಣೆ ನೀತಿ ಸಂಹಿತೆ ಬಂತು, ಮೇ 10ಕ್ಕೆ ಮತದಾನ, ಹೊಸ ಕೆಲಸ ಎಲ್ಲಾ ನಿಂತ್ಕೊಂಡ್ವು. ಹೊಸ ಸರ್ಕಾರ ಬಂದು ಫೈಲು ಅಲ್ಲಾಡಿ ವರ್ಕ್ ಆರ್ಡರ್ ಕೈಗೆ ಬರೋ ಹೊತ್ತಿಗೆ ಜುಲೈ. ಅಂದ್ರೆ ಶಾಲೆ ಪೂರ್ತಿ ನಡೀತಿರೋವಾಗ್ಲೇ ಛಾವಣಿ ಕೀಳಬೇಕು. ಮುಂದಿನ ಬೇಸಿಗೆ ತನಕ ಕಾಯೋಣ ಅಂತ ಎಚ್ಚೆಮ್ ಮೇಡಂ ಒಂದು ಮಾತು ಅಂದ್ರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು "ವಾಪಸ್ ಹೋದ್ರೆ ಆ ದುಡ್ಡು ಮತ್ತೆ ಈ ಊರ ಕಡೆ ತಲೆ ಹಾಕಿ ಮಲಗಲ್ಲ ಮೇಡಂ" ಅಂದ್ರು. ಅದೂ ನಿಜಾನೇ. ಒಪ್ಕೊಂಡ್ವಿ.

ಈಗ ಹಿಂದಿರುಗಿ ನೋಡಿದ್ರೆ ತಪ್ಪು ಒಪ್ಕೊಂಡಿದ್ದರಲ್ಲಿ ಇರ್ಲಿಲ್ಲ. ಶಾಲೆಯ ಕ್ಯಾಲೆಂಡರ್ ನಾವು ಜೂನಲ್ಲೇ ಮಾಡಿ ಗೋಡೆಗೆ ಹಾಕಿದ್ವಿ, ಕೆಲಸದ ಕ್ಯಾಲೆಂಡರು ಇಂಜಿನಿಯರ್ ಸಾಹೇಬ್ರ ಫೈಲಲ್ಲಿ ಇತ್ತು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವ್ರು ಒಬ್ರೂ ಇಲ್ಲ.

ಕೋಣೆ ಹುಡುಕಾಟ

ಮೊದ್ಲು ಶಿಫ್ಟ್ ಮಾಡಿದ್ವಿ. ಹತ್ತನೇ ಕ್ಲಾಸು ಬೆಳಗ್ಗೆ ಎಂಟಕ್ಕೆ, ಎಂಟು ಒಂಬತ್ತು ಮಧ್ಯಾಹ್ನ. ಎರಡು ವಾರ ಬಾಳಿಕೆ ಬಂತು ಅಷ್ಟೇ. ಸುತ್ತಲ ಹಳ್ಳಿಗಳಿಂದ ಎಂಟಕ್ಕೆ ಮುಂಚೆ ಇರೋದು ಒಂದೇ ಬಸ್ಸು, ಅದೇ ಜೂನ್ 11ರಿಂದ ಶಕ್ತಿ ಯೋಜನೆ ಶುರುವಾಗಿ ಆ ಬಸ್ಸು ಮೊದ್ಲೇ ಗಿಜಿಗಿಜಿ, ನಮ್ ಸ್ಟಾಪಿಗೆ ಬರೋ ಹೊತ್ತಿಗೆ ಬಾಗಿಲಲ್ಲೇ ಜನ, ಡ್ರೈವರ್ ನಿಲ್ಲಿಸ್ತಾನೇ ಇರ್ಲಿಲ್ಲ. ಸಂಜೆ ಶಿಫ್ಟಿನ ಹೆಣ್ಮಕ್ಕಳು ಮನೆ ಸೇರೋವಾಗ ಕತ್ತಲು. ಪೋಷಕರು ಬಂದು ಬೈದ್ರು, ಬಿಟ್ವಿ.

ಆಮೇಲೆ ದೇವಸ್ಥಾನದ ಪಕ್ಕದ ಸಮುದಾಯ ಭವನ. ಆ ವರ್ಷ ಅಧಿಕ ಶ್ರಾವಣ ಬಂದಿತ್ತು, ಆಗಸ್ಟ್ 16ರ ತನಕ ಮದುವೆ ಇಲ್ಲ, ಭವನ ಖಾಲಿ. ಎರಡು ಸೆಕ್ಷನ್ ಅಲ್ಲಿ ಕೂರ್ಸಿದ್ವಿ, ಆಹಾ ಸಮಸ್ಯೆ ಬಗೆಹರೀತು ಅಂದ್ಕೊಂಡ್ವಿ. ನಿಜ ಶ್ರಾವಣ ಶುರುವಾಗಿದ್ದೇ ತಡ ಲಗ್ನದ ಮೇಲೆ ಲಗ್ನ. ಬೀಜಗಣಿತ ನಡೀತಿದ್ರೆ ಹಿಂದಿನ ಬಾಗಿಲಿಂದ ಬಾಣಸಿಗರು ಹಂಡೆ ಉರುಳಿಸ್ಕೊಂಡು ಬರೋರು. ಕಡೆಗೆ ಉಳಿದ ಐದು ಕೋಣೆ, ವರಾಂಡ, ಮುಹೂರ್ತ ಇಲ್ಲದ ದಿನ ಭವನ, ಹೀಗೆ ತೇಪೆ ಹಾಕ್ಕೊಂಡು ನಡೆಸಿದ್ವಿ. ಪಾಠಕ್ಕೆ ಜಾಗ ಸಿಕ್ತು. ಹಾಲು ಹೋಗಿತ್ತಲ್ಲ, ಅದ್ರ ಬದಲಿಗೆ ಏನು ಅಂತ ಯಾರೂ ಕೇಳ್ಲಿಲ್ಲ, ಉಸ್ತುವಾರಿ ಅಂತ ಬಾಲ ಇಟ್ಕೊಂಡಿದ್ದ ನಾನೂ ಕೇಳ್ಲಿಲ್ಲ.

ಚಂದ್ರಯಾನದ ಸಂಜೆ

ಆಗಸ್ಟ್ 23, ಚಂದ್ರಯಾನ-3 ಇಳಿಯೋ ದಿನ. ಲೈವ್ ತೋರಿಸೋಣ ಅಂತ ವಿಜ್ಞಾನದ ಮೇಡಂ ಪ್ರೊಜೆಕ್ಟರ್ ತಂದ್ರು, ವರಾಂಡದ ಗೋಡೆಗೆ ಬಿಳಿ ಪಂಚೆ ಕಟ್ಟಿದ್ವಿ. ಮಕ್ಕಳು, ಅಪ್ಪ ಅಮ್ಮಂದ್ರು, ಕೆಲಸದವ್ರು, ಪಕ್ಕದ ಅಂಗಡಿಯವ್ರು ಎಲ್ಲಾ ಅಂಗಳದಲ್ಲಿ ಜಮಾಯಿಸಿದ್ರು. 6 ಗಂಟೆ 4 ನಿಮಿಷಕ್ಕೆ ಇಳೀತಲ್ಲ, ಆಗ ಎದ್ದ ಕೂಗಿಗೆ ಬಿಚ್ಚಿಟ್ಟಿದ್ದ ಹೆಂಚಿನ ರಾಶಿ ಮೇಲೆ ಕೂತಿದ್ದ ಪಾರಿವಾಳ ಎಲ್ಲಾ ಹಾರಿ ಹೋದ್ವು. ಆ ವರ್ಷದ ಅತ್ಯುತ್ತಮ ಕಾರ್ಯಕ್ರಮ ಅದೇ, ಖರ್ಚು ಸೊನ್ನೆ.

ಮುಗಿಸಿ ಹೋಗೋವಾಗ ಮಬ್ಬುಗತ್ತಲು. ಎಂಟನೇ ಕ್ಲಾಸಿನ ಒಬ್ಬ ಹುಡುಗ ರೀಪಿನ ತುಂಡಿನ ಮೇಲೆ ಕಾಲಿಟ್ಟ, ತುಕ್ಕು ಹಿಡಿದ ಮೊಳೆ ಹವಾಯಿ ಚಪ್ಪಲಿ ತೂತು ಮಾಡ್ಕೊಂಡು ಪಾದಕ್ಕೆ ನಾಟ್ತು. ಆರೋಗ್ಯ ಕೇಂದ್ರಕ್ಕೆ ಕರ್ಕೊಂಡ್ ಹೋಗಿ ಟಿಟಿ ಇಂಜೆಕ್ಷನ್ ಹಾಕ್ಸಿದ್ವಿ, ಗುಣ ಆಯ್ತು. ಆದ್ರೆ ಮಾರನೇ ದಿನ ಅವನಮ್ಮ ಬಂದು "ಚಂದ್ರನ್ ಮೇಲೆ ಹುಷಾರಾಗಿ ಇಳಿಸ್ತೀರ, ನನ್ ಮಗನ್ನ ಸ್ಕೂಲ್ ಗೇಟ್ ದಾಟಿಸೋಕ್ ಆಗಲ್ವಾ ಮೇಷ್ಟ್ರೇ" ಅಂದ್ರು. ಉತ್ತರ ಇರ್ಲಿಲ್ಲ.

ಆ ರೀಪು, ತೊಲೆ, ಹೆಂಚು ಮೂರು ವಾರದಿಂದ ಅಂಗಳದಲ್ಲೇ ಯಾಕಿತ್ತು ಅನ್ನೋದು ಬೇರೆ ಶಾಲೆಯವ್ರು ಗಮನಿಸ್ಬೇಕಾದ ವಿಷ್ಯ. ಸರ್ಕಾರಿ ಕಟ್ಟಡದಿಂದ ಬಿಚ್ಚಿದ ಸಾಮಾನು ಕಾಂಟ್ರಾಕ್ಟರ್ ತಗೊಂಡ್ ಹೋಗೋ ಹಾಗಿಲ್ಲ, ನಾವು ಸುಟ್ಟು ಬಿಸಾಕೋ ಹಾಗೂ ಇಲ್ಲ. ಅದಕ್ಕೆ ಬೆಲೆ ಕಟ್ಟಿಸಿ ಹರಾಜು ಹಾಕಿ ದುಡ್ಡು ಜಮಾ ಮಾಡ್ಬೇಕು. ಛಾವಣಿ ಕೀಳೋಕೆ ಮುಂಚೇನೇ ಹರಾಜಿನ ಕಾಗದ ಓಡಿಸಿದ್ರೆ ರಾಶಿ ಬೀಳ್ತಾನೇ ಇರ್ಲಿಲ್ಲ. ನಾವು ಕಿತ್ತ ಮೇಲೆ ಪತ್ರ ಬರೆದ್ವಿ.

ಬಾಗಿಲು ಹಾಕಿದ ಮೂರು ತಿಂಗಳು

ಎಚ್ಚೆಮ್ ಮೇಡಂ ಅಂದೇ ಆರ್ಡರ್ ಹೊರಡಿಸಿದ್ರು, ಕಾಮಗಾರಿ ಮುಗಿಯೋ ತನಕ ಯಾವ ಫಂಕ್ಷನ್ನೂ ಇಲ್ಲ, ನಾಲ್ಕೂವರೆ ಮೇಲೆ ಒಂದು ಮಗೂನೂ ಆವರಣದಲ್ಲಿ ಇರ್ಬಾರ್ದು. ನಾನು ತಲೆ ಆಡಿಸ್ದೆ. ಸತ್ಯ ಹೇಳ್ಬೇಕು ಅಂದ್ರೆ ಒಳಗೊಳಗೇ ಸಮಾಧಾನ ಆಯ್ತು, ಕೆಲಸ ಕಮ್ಮಿ.

ಟೀಚರ್ಸ್ ಡೇಗೆ ಒಂದು ಗುಲಾಬಿ ಕೊಟ್ಟು ಮುಗಿಸಿದ್ವಿ. ಸೆಪ್ಟೆಂಬರ್ 15ಕ್ಕೆ ಸಂವಿಧಾನ ಪೀಠಿಕೆ ಓದೋದು ಸರ್ಕಾರದ್ದೇ ಕಾರ್ಯಕ್ರಮ, ಅದನ್ನ ಗೇಟ್ ಹೊರಗೆ ರಸ್ತೇಲಿ ನಿಂತು ಓದಿದ್ವಿ. ಕರ್ನಾಟಕ ಅಂತ ಹೆಸ್ರಾಗಿ 50 ವರ್ಷ ಅಂತ ಊರೆಲ್ಲಾ ನವೆಂಬರ್ 1ಕ್ಕೆ ಜೋರಾಗಿ ಮಾಡಿದ್ರೆ ನಮ್ಮಲ್ಲಿ ಬಾವುಟ, ನಾಡಗೀತೆ, ಲಾಡು, ಹತ್ತು ನಿಮಿಷ. ಮಕ್ಕಳ ದಿನಾಚರಣೆ ಬಲಿಪಾಡ್ಯಮಿ ರಜೆ ದಿನಾನೇ ಬಿತ್ತು, ಮಾರನೇ ದಿನ ಮಾಡ್ಬಹುದಿತ್ತು, ಮಾಡ್ಲಿಲ್ಲ.

ಅತ್ತ ಕೆಲಸವೂ ತನ್ನ ಪಾಡಿಗೆ ಸಾಗ್ತಿತ್ತು. ದಸರಾ ರಜೆ ಎರಡು ವಾರ ಶಾಲೆ ಖಾಲಿ ಇತ್ತು, ಗಲಾಟೆ ಕೆಲಸ ಎಲ್ಲಾ ಅವಾಗ ಮುಗಿಸ್ಬಹುದಿತ್ತು, ಅದೇ ಹೊತ್ತಿಗೆ ಕೆಲಸದವ್ರು ಹಬ್ಬಕ್ಕೆ ಊರಿಗೆ ಹೋದ್ರು. ಮೊದಲ ಎರಡು ಕೋಣೆ ಸ್ಲ್ಯಾಬು ಅಕ್ಟೋಬರ್ ಕೊನೇಲಿ ಬಿತ್ತು. ಆಮೇಲೆ ನೀರಿನ ಜಗಳ. ಆ ವರ್ಷ ಬರ, ಸೆಪ್ಟೆಂಬರಲ್ಲೇ ಸರ್ಕಾರ 195 ತಾಲ್ಲೂಕು ಬರಪೀಡಿತ ಅಂತ ಘೋಷಿಸಿತ್ತು, ನಮ್ ಬೋರ್‌ವೆಲ್ ಉಸಿರು ಬಿಡ್ತಿತ್ತು. ಹೊಸ ಸ್ಲ್ಯಾಬು ಗಟ್ಟಿ ಆಗೋಕೆ ಅದರ ಮೇಲೆ ಪಾತಿ ಕಟ್ಟಿ ನೀರು ನಿಲ್ಲಿಸ್ಬೇಕು, ಇತ್ತ ಬಿಸಿಯೂಟದ ತಟ್ಟೆ ತೊಳೆಯೋಕೆ ನೀರಿಲ್ಲ. ಅಡುಗೆ ಅಕ್ಕಂದ್ರು ಪೈಪ್ ಕಿತ್ತು ಹಾಕಿದ್ರು. ಕಡೆಗೆ ಕಾಂಟ್ರಾಕ್ಟರ್ ಟ್ಯಾಂಕರ್ ತರ್ಸಿದ. ಮೊದಲ ಸೆಂಟ್ರಿಂಗ್ (ಸ್ಲ್ಯಾಬು ಗಟ್ಟಿ ಆಗೋ ತನಕ ಕೆಳಗೆ ಆಸರೆಗೆ ಇಡೋ ಪ್ಲೇಟು, ಕಂಬ) ಬಿಚ್ಚಿದ್ದಂತೂ ಹತ್ತನೇ ಕ್ಲಾಸ್ ಗಣಿತ ಪಿರಿಯಡ್ ಮಧ್ಯ, ಹೇಳಲ್ಲ ಕೇಳಲ್ಲ, ಪಕ್ಕದ ಗೋಡೆ ಆಚೆ ಕಬ್ಬಿಣದ ಪ್ಲೇಟು ದಢಾರ್ ದಢಾರ್ ಅಂತ ಬೀಳೋಕೆ ಶುರು, ಅರ್ಧ ಕ್ಲಾಸು ಹೊರಗೆ ಓಡಿ ಬಂತು. ನಾವು ಪತ್ರ ಬರೆದ್ವಿ, ಇಂಜಿನಿಯರಿಗೆ ಒಂದು, ಕಾಂಟ್ರಾಕ್ಟರಿಗೆ ಒಂದು, ಬಿಇಒ ಆಫೀಸಿಗೆ ಪ್ರತಿ. ಯಾವುದಕ್ಕೂ ಉತ್ತರ ಇಲ್ಲ.

ಮಕ್ಕಳು ಏನಾದ್ರು? ಗಲಾಟೆ ಏನಿಲ್ಲ. ಸುಮ್ನಾದ್ರು. ಹತ್ತನೇ ಕ್ಲಾಸಿನ ಹುಡುಗ್ರು ಶನಿವಾರ ಬರೋದು ಕಮ್ಮಿ ಮಾಡಿದ್ರು. ನಾವು ಅದನ್ನ ಶಿಸ್ತು ಅಂತ ತಿಳ್ಕೊಂಡ್ವಿ, ಅದೇ ದೊಡ್ಡ ತಪ್ಪು.

ಕೇಕು

ಡಿಸೆಂಬರ್ ಮೊದಲ ವಾರದ ಒಂದು ಸೋಮವಾರ ಬೆಳಗ್ಗೆ ಎಂಟೂವರೆಗೆ ಮೇಸ್ತ್ರಿ ಗೇಟಲ್ಲಿ ನಿಂತಿದ್ರು. ಕಲಬುರಗಿ ಕಡೆಯವ್ರು, ಐವತ್ತರ ಆಸುಪಾಸು, ಅಲ್ಲೀತನಕ ನಮ್ ಜತೆ ನಾಲ್ಕು ಮಾತಾಡಿರ್ಲಿಲ್ಲ. "ಮೇಷ್ಟ್ರೇ, ಒಂದ್ ನಿಮಿಷ ಮ್ಯಾಲ ಬರ್ರಿ" ಅಂದ್ರು. ಏಣಿ ಹತ್ತಿದೆ. ಎರಡನೇ ಸ್ಲ್ಯಾಬು ಹಾಕಿ ಹತ್ತು ದಿನಾನೂ ಆಗಿರ್ಲಿಲ್ಲ. ಪಾತಿಯ ಮಣ್ಣಿನ ಬದು ಎರಡು ಕಡೆ ತುಳಿದು ಒಡೆದಿತ್ತು, ಅಲ್ಲಿ ನೀರೆಲ್ಲಾ ಹೋಗಿ ಸಿಮೆಂಟು ಬಿಳುಚ್ಕೊಂಡಿತ್ತು. ಮಧ್ಯದಲ್ಲಿ ಒಂದು ರಟ್ಟಿನ ಡಬ್ಬ, ಅದರ ಅಂಚಲ್ಲಿ ಗುಲಾಬಿ ಬಣ್ಣದ ಕ್ರೀಮು, ಇರುವೆ ಸಾಲು, ನಾಲ್ಕು ಮೇಣದ ಬತ್ತಿ ಚೂರು, ಸ್ಪ್ರೇ ಹೊಡೆಯೋ ನೊರೆ ಡಬ್ಬಿ ಖಾಲಿ. ಬರ್ತ್‌ಡೇ ಪಾರ್ಟಿ. ಶನಿವಾರ ಸಂಜೆ ಹತ್ತನೇ ಕ್ಲಾಸಿನ ಏಳೆಂಟು ಹುಡುಗ್ರು ಹಿಂದಿನ ಕಾಂಪೌಂಡ್ ಹಾರಿ ಬಂದು, ಪ್ಯಾರಾಪೆಟ್ ಇಲ್ಲದ ಸ್ಲ್ಯಾಬ್ ಮೇಲೆ ಮೊಬೈಲ್ ಬೆಳಕಲ್ಲಿ ಕೇಕ್ ಕಟ್ ಮಾಡಿದ್ರು.

ಮೇಸ್ತ್ರಿ ನನ್ನ ಕೆಳಗೆ ಕರ್ಕೊಂಡ್ ಬಂದು ಸೆಂಟ್ರಿಂಗ್ ಒಳಗೆ ಬಗ್ಗಿಸಿ ಇನ್ನೊಂದು ತೋರಿಸಿದ್ರು. ಅಂಚಿನ ಒಂದು ಸರ್ವೆ ಕಂಬಾನ ಹಿಡ್ಕೊಂಡು ಹತ್ತಿದಾರೆ, ಅದರ ಬುಡದ ಬೆಣೆ ಅರ್ಧ ಜರುಗಿ ಹೋಗಿತ್ತು. ಅವ್ರು ಬೆಳಗ್ಗೆ ಬಂದು ನೋಡಿ ಮತ್ತೆ ಬಡಿದು ಕೂರ್ಸಿದ್ರಂತೆ. "ಇದು ಬೀಮಿನ ಕೆಳಗಿಂದು. ಇಪ್ಪತ್ತೊಂದ್ ದಿನ ಮುಟ್ಟಂಗಿಲ್ಲ" ಅಂದ್ರು. ಆಮೇಲೆ ಕಾಂಕ್ರೀಟ್ ಕೆಲಸದ ನಿಯಮದ ಪುಸ್ತಕ ಐಎಸ್ 456 ತೆಗೆದು ನೋಡಿದೆ, ಅದೇ ಇದೆ, ಆರು ಮೀಟರ್ ದಾಟಿದ ಬೀಮಿನ ಆಸರೆ 21 ದಿನ, ನಾಲ್ಕೂವರೆ ಮೀಟರ್ ದಾಟಿದ ಸ್ಲ್ಯಾಬಿಗೆ 14 ದಿನ. ನಮ್ ಕೋಣೆ ಇಪ್ಪತ್ತಡಿ ಅಗಲ, ಅಂದ್ರೆ ಆರು ಮೀಟರಿಗೆ ಚೂರು ಮೇಲೆ. ಮೇಸ್ತ್ರಿ ಪುಸ್ತಕ ನೋಡಿದವ್ರಲ್ಲ, ಲೆಕ್ಕ ಕರೆಕ್ಟಾಗಿತ್ತು.

ಸ್ಟಾಫ್ ಮೀಟಿಂಗ್ ಬಿಸಿ ಬಿಸಿ. ಟಿಸಿ ಕೊಟ್ಟು ಕಳ್ಸಿ ಅಂದ್ರು ಇಬ್ರು. ಹತ್ತನೇ ಕ್ಲಾಸು ಡಿಸೆಂಬರಲ್ಲಿ ಟಿಸಿ ಅಂದ್ರೆ ಏನರ್ಥ ಅಂತ ಗೊತ್ತಿದ್ದೂ ಸಿಟ್ಟಲ್ಲಿ ಅಂದ್ರು. ಡ್ರಿಲ್ ಮೇಷ್ಟ್ರು ಮಾತ್ರ "ಮೊದ್ಲು ಅವ್ರನ್ನ ಕೇಳಣ" ಅಂದ್ರು. ಕರ್ಸಿದ್ವಿ. ತಲೆ ತಗ್ಗಿಸ್ಕೊಂಡು ನಿಂತಿದ್ರು, ಬಹಳ ಹೊತ್ತಾದ್ಮೇಲೆ ಕೇಕ್ ತಂದವನು ಬಾಯಿ ಬಿಟ್ಟ. "ಮನೇಲ್ ಮಾಡಲ್ಲ ಸಾರ್. ಇಲ್ಲಿ ಏನೂ ಇಲ್ಲ. ಸ್ಕೂಲ್ ಡೇ ಇಲ್ಲ, ಟೂರ್ ಇಲ್ಲ. ಹಿಂಗೇ ಮುಗ್ದೋಗುತ್ತಲ್ಲ ಸಾರ್ ಹತ್ನೇ ಕ್ಲಾಸು. ಹಾಲ್ ಇದ್ದಿದ್ ಜಾಗ ಅಂತ ಹತ್ತಿದ್ವಿ."

ಮೇಡಂ ಕನ್ನಡಕ ತೆಗೆದು ಟೇಬಲ್ ಮೇಲಿಟ್ರು. ಅವ್ರೂ ಇದೇ ಶಾಲೇಲಿ ಓದಿದವ್ರು ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಪೋಷಕರನ್ನ ಕರೆದು ವಿಷಯ ಹೇಳಿದ್ವಿ, ಮುಚ್ಚಳಿಕೆ ಬರೆಸ್ಕೊಂಡ್ವಿ, ಪಾತಿ ಒಡೆದಿದ್ದನ್ನ ಹುಡುಗ್ರ ಕೈಲೇ ಕೆಳಗಿಂದ ಮಣ್ಣು ಹೊರೆಸಿ ಮೇಸ್ತ್ರಿ ಕೈಲಿ ಕಟ್ಟಿಸಿದ್ವಿ. ಟಿಸಿ ಮಾತು ಅಲ್ಲಿಗೇ ಬಿಟ್ವಿ.

ಬೋರ್ಡು

ಅವತ್ತು ಸಂಜೆ ಮೇಡಂ ಕೇಳಿದ ಪ್ರಶ್ನೆ, "ನಾಳೆ ಏನ್ ಕೆಲಸ ನಡೆಯುತ್ತೆ ಅಂತ ನಿಜವಾಗ್ಲೂ ಗೊತ್ತಿರೋದು ಯಾರಿಗೆ?" ಇಂಜಿನಿಯರಿಗೆ ಗೊತ್ತಿಲ್ಲ, ಅವ್ರು ತಿಂಗಳಿಗೊಂದ್ಸಲ ಅಳತೆ ಪುಸ್ತಕ ಹಿಡ್ಕೊಂಡು ಬರೋರು. ಕಾಂಟ್ರಾಕ್ಟರಿಗೆ ಇನ್ನೂ ಮೂರು ಕಡೆ ಕೆಲಸ, ಯಾವ ಹಂತ ಮುಗಿದ್ರೆ ಬಿಲ್ ಆಗುತ್ತೋ ಅಲ್ಲಿಗೆ ಆಳು ಕಳಿಸ್ತಿದ್ದ. ಗೊತ್ತಿದ್ದಿದ್ದು ಮೇಸ್ತ್ರಿಗೆ ಒಬ್ರಿಗೇ. ನಾಲ್ಕು ತಿಂಗಳು ನಾವು ಅವ್ರ ಪಕ್ಕದಲ್ಲೇ ಓಡಾಡ್ಕೊಂಡು ಬೇರೆ ಯಾರ್ಯಾರಿಗೋ ಪತ್ರ ಬರೀತಿದ್ವಿ.

ಅಡುಗೆ ಮನೆ ಪಕ್ಕ ಒಂದು ಹಳೇ ಕಪ್ಪು ಹಲಗೆ ನಿಲ್ಲಿಸಿದ್ವಿ. ಪ್ರತಿ ಶುಕ್ರವಾರ ಊಟದ ಹೊತ್ತಲ್ಲಿ ಮೇಸ್ತ್ರಿ, ನಾನು, ಡ್ರಿಲ್ ಮೇಷ್ಟ್ರು, ನಾಲ್ಕು ಜನ ಕ್ಲಾಸ್ ಲೀಡರ್‌ಗಳು ಕೂತ್ಕೊಂಡು ಮುಂದಿನ ವಾರ ಬರೆಯೋದು. ಕೆಂಪು ಸೀಮೆಸುಣ್ಣದಲ್ಲಿ ಕೆಲಸ, ಬಿಳೀಲಿ ಕಾರ್ಯಕ್ರಮ. ಕೆಂಪಿರೋ ದಿನ ಆ ಕಡೆ ಹಗ್ಗ ಕಟ್ಟಿ ಯಾರೂ ದಾಟಬಾರ್ದು. ಅಷ್ಟೇ, ಇನ್ನೇನೂ ಇಲ್ಲ. ಲೀಡರ್ ಹುಡುಗಿಯೊಬ್ಳು ಮೊದಲ ವಾರಾನೇ ಮೇಸ್ತ್ರಿನ "ಕಟಿಂಗ್ ಮಿಷನ್ ಊಟದ ಬೆಲ್ಲಿನ ಮೇಲೆ ಹಾಕ್ಬಹುದಾ ಅಣ್ಣ, ಇಂಗ್ಲಿಷ್ ಕೇಳ್ಸಲ್ಲ" ಅಂತ ಕೇಳಿದ್ಳು, ಅವ್ರು ಆಯ್ತು ಅಂದ್ರು. ಆ ಒಂದು ಮಾತು ನಾವು ಯಾರೂ ಕೇಳಿರ್ಲಿಲ್ಲ.

ಸೆಂಟ್ರಿಂಗ್ ಬಿಚ್ಚೋ ದಿನ ಇದ್ದಿದ್ದು ಡಿಸೆಂಬರ್ ಮೂರನೇ ವಾರ. ಬೋರ್ಡ್ ನೋಡ್ಕೊಂಡು ಅವೇ ಎರಡು ದಿನಕ್ಕೆ ಒಂಬತ್ತು ಹತ್ತನೇ ಕ್ಲಾಸಿನ ಟೂರ್ ಇಟ್ವಿ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ. ಹೊಯ್ಸಳ ದೇವಾಲಯಗಳಿಗೆ ಸೆಪ್ಟೆಂಬರಲ್ಲಷ್ಟೇ ಯುನೆಸ್ಕೋ ಪಟ್ಟ ಸಿಕ್ಕಿತ್ತು, ಪಾಠಕ್ಕೂ ಸರಿ ಹೋಯ್ತು. ಧನುರ್ಮಾಸ ಆದ್ರಿಂದ ಭವನದಲ್ಲಿ ಮದುವೆ ಇಲ್ಲ, ಎಂಟನೇ ಕ್ಲಾಸಿನವ್ರು ಅಲ್ಲಿ. ಪ್ಲೇಟು ಬಿದ್ದಾಗ ಶಾಲೇಲಿ ಒಂದು ನರಪಿಳ್ಳೆ ಇಲ್ಲ.

ಇಷ್ಟರಲ್ಲೇ ಒಂದು ತಪ್ಪು ನುಸುಳಿತ್ತು, ಮುಚ್ಚಿಡಲ್ಲ. ಟೂರಿಗೆ ದುಡ್ಡು ಕೊಡೋಕಾಗದ ಮಕ್ಕಳು ಹತ್ತಿಪ್ಪತ್ತು ಜನ ಇದ್ರು, ಬರಗಾಲದ ವರ್ಷ ಬೇರೆ. ಅವ್ರನ್ನ ಎಂಟನೇ ಕ್ಲಾಸಿನ ಜತೆ ಭವನದಲ್ಲಿ ಕೂರ್ಸಿದ್ವಿ. ಹತ್ತನೇ ಕ್ಲಾಸಿನ ಹುಡುಗಿ ಚಿಕ್ಕೋರ ಮಧ್ಯೆ ಎರಡು ದಿನ ಕೂತಿದ್ದು ಅವಳಿಗೆ ಎಷ್ಟು ಚುಚ್ಚಿರುತ್ತೆ ಅಂತ ನನಗೆ ಹೊಳೆದಿದ್ದು ಹಾಸನದ ಹತ್ರ ಬಸ್ಸಲ್ಲಿ. ಹಳೇ ವಿದ್ಯಾರ್ಥಿಗಳ ಸಂಘದವ್ರು ಕೇಳಿದ್ರೆ ಕೊಡೋರು, ಆಮೇಲೆ ಅವ್ರೇ ಅಂದ್ರು. ಸುರಕ್ಷತೆಯ ಲೆಕ್ಕ ಹಾಕಿದ್ವಿ, ಈ ಲೆಕ್ಕ ಹಾಕ್ಲಿಲ್ಲ.

ಜನವರೀಲಿ ಮಕ್ಕಳ ಸಂತೆ ಆಯ್ತು, ಅಷ್ಟೊತ್ತಿಗೆ ಹರಾಜಾಗಿ ಹೆಂಚು ತೊಲೆ ಹೋಗಿ ಅಂಗಳ ಖಾಲಿ ಆಗಿತ್ತು. ತಿಂಗಳ ಕೊನೇಲಿ ಸ್ಕೂಲ್ ಡೇ, ಬಣ್ಣ ಇಲ್ಲದ ಹೊಸ ಗೋಡೆ ಮುಂದೆ ಶಾಮಿಯಾನ. ಧೂಳಿಗೆ ಮಧ್ಯಾಹ್ನವೆಲ್ಲಾ ಕೇಕ್ ಬ್ಯಾಚಿನ ಹುಡುಗ್ರೇ ನೀರು ಚಿಮುಕಿಸಿದ್ರು. ಮೇಸ್ತ್ರಿಗೆ ಶಾಲು ಹೊದಿಸಣ ಅಂತ ಮೇಡಂ ಮುಂಚೆ ಹೇಳಿ ಕಳ್ಸಿದ್ರು. ಅವ್ರು ಬಂದು, "ಶಾಲು ಬ್ಯಾಡ್ರಿ ಮೇಡಂ, ಎರಡ್ ತಿಂಗಳ ಪಗಾರ ಬಾಕಿ ಐತಿ, ನೀವೊಂದ್ ಮಾತ್ ಹೇಳ್ರಿ" ಅಂದ್ರು. ಅಲ್ಲೀತನಕ ನಾವು ಕಾಂಟ್ರಾಕ್ಟರ್ ತಡ ಮಾಡ್ತಿದಾನೆ ಅಂತ ಗೊಣಗ್ತಿದ್ವಿ, ತಡ ಯಾಕೆ ಅಂತ ಅವತ್ತು ಗೊತ್ತಾಯ್ತು, ಆಳು ಯಾಕೆ ಬಿಟ್ಟು ಹೋಗ್ತಿದ್ರು ಅಂತ. ಮೇಡಂ ಆ ಸಲ ಪತ್ರ ಬರೀಲಿಲ್ಲ, ಇಂಜಿನಿಯರಿಗೆ ಫೋನ್ ಮಾಡಿ ಮುಂದಿನ ಬಿಲ್ಲಿಗೆ ಮುಂಚೆ ಕೂಲಿ ಚುಕ್ತಾ ಆಗ್ಲಿ ಅಂದ್ರು. ಪೂರ್ತಿ ಬರ್ಲಿಲ್ಲ, ಮುಕ್ಕಾಲು ಬಂತು. ಸ್ಕೂಲ್ ಡೇ ದಿನ ಮೇಸ್ತ್ರಿ ಶಾಲೂ ಹೊದಿಸ್ಕೊಂಡ್ರು.

ಕೊನೆಗೆ ಏನಾಯ್ತು

ನಮ್ದು ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೇಂದ್ರ, 2024ರ ಮಾರ್ಚ್ 25ಕ್ಕೆ ಪರೀಕ್ಷೆ-1 ಶುರು, ಆ ವರ್ಷದಿಂದ ವೆಬ್‌ಕಾಸ್ಟಿಂಗ್, ಪ್ರತಿ ಕೋಣೆಗೆ ಸಿಸಿಟಿವಿ. ಒಂಬತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆ ಬೇರೆ ಅದೇ ತಿಂಗಳು ಕೋರ್ಟಲ್ಲಿ ಅತ್ತಿತ್ತ ಓಲಾಡ್ತಿತ್ತು. ವೈರಿಂಗ್ ಮುಗಿದಿದ್ದು ಮೂರು ದಿನ ಮುಂಚೆ. ಉದ್ಘಾಟನೆಯ ಕಲ್ಲು ರೆಡಿ ಇತ್ತು, ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆ ನೀತಿ ಸಂಹಿತೆ ಬಂತು, ಕಲ್ಲಿಗೆ ಪೇಪರ್ ಅಂಟಿಸಿ ಬಿಟ್ವಿ. ಹಾಗಾಗಿ ಹೊಸ ಹಾಲಲ್ಲಿ ದೀಪ ಹಚ್ಚೋಕೆ ಮುಂಚೆ ನಮ್ ಮಕ್ಕಳು ಪರೀಕ್ಷೆ ಬರೆದ್ರು, ಏಪ್ರಿಲ್ 26ಕ್ಕೆ ಊರವ್ರು ಓಟ್ ಹಾಕಿದ್ರು.

ರಿಸಲ್ಟು ಹಿಂದಿನ ವರ್ಷಕ್ಕಿಂತ ಇಳೀತು. ಇದನ್ನ ಕಟ್ಟಡದ ತಲೆಗೆ ಕಟ್ಟೋ ಹಾಗಿಲ್ಲ, ರಾಜ್ಯದ್ದೇ 83.89ರಿಂದ 73.40ಕ್ಕೆ ಇಳಿದಿತ್ತು. ಕೇಕ್ ಬ್ಯಾಚಿನ ಎಂಟು ಜನರಲ್ಲಿ ಆರು ಜನ ಮೊದಲ ಪರೀಕ್ಷೇಲೇ ಪಾಸು, ಒಬ್ಬ ಪರೀಕ್ಷೆ-2ರಲ್ಲಿ. ಇನ್ನೊಬ್ಬ ಗಾರೆ ಕೆಲಸಕ್ಕೆ ಹೋದ.

ಇನ್ನೊಂದು ಪಾಠ ಜೂನಲ್ಲಿ ಬಂತು. 2023ರ ಮಳೆಗಾಲ ಕೈ ಕೊಟ್ಟಿದ್ರಿಂದ ಹೊಸ ಛಾವಣಿಗೆ ಮಳೆ ಪರೀಕ್ಷೆ ಆಗಿರ್ಲೇ ಇಲ್ಲ. 2024ರ ಮೊದಲ ಜೋರು ಮಳೆಗೆ ಹಳೇ ಕಲ್ಲು ಗೋಡೆ ಹೊಸ ಸ್ಲ್ಯಾಬು ಸೇರೋ ಜಾಗದಲ್ಲಿ ನೀರಿಳೀತು. ಪಾತಿ ಕಟ್ಟಿ ಅಷ್ಟು ದಿನ ನೀರು ನಿಲ್ಲಿಸಿದ್ವಲ್ಲ, ಕೆಳಗಿಂದ ಆ ಮೂಲೆ ಕಡೆ ತಲೆ ಎತ್ತಿ ಒಬ್ರೂ ನೋಡಿರ್ಲಿಲ್ಲ. ಪುಣ್ಯಕ್ಕೆ ಕಾಂಟ್ರಾಕ್ಟರ್ ಡೆಪಾಸಿಟ್ಟು ಇನ್ನೂ ಇಲಾಖೇಲೇ ಇತ್ತು, ಅದೊಂದೇ ಹಿಡಿತ, ಅದಕ್ಕೇ ಬಂದು ಸರಿ ಮಾಡಿ ಕೊಟ್ಟ. ಅಲ್ಲೀತನಕ ಒಂದು ಬಕೆಟ್. ಮುಂಚೆ ಮೂರು ಇಡ್ತಿದ್ವಿ ಅಂತ ಡ್ರಿಲ್ ಮೇಷ್ಟ್ರು ತಮಾಷೆ ಮಾಡೋರು.

ಆಗಸ್ಟಲ್ಲಿ ಶೌಚಾಲಯದ ರಿಪೇರಿಗೆ ಇನ್ನೊಂದು ಮಂಜೂರಾತಿ ಬಂತು. ಬೇರೆ ಕಾಂಟ್ರಾಕ್ಟರು, ಕಾರಲ್ಲಿ ಬಂದ, ಸ್ವೀಟ್ ಬಾಕ್ಸ್ ತಂದಿದ್ದ, ಎರಡೇ ತಿಂಗಳು ಮೇಡಂ ಅಂದ. ಮೇಡಂ ಬಾಕ್ಸ್ ಕಡೆ ನೋಡ್ಲೂ ಇಲ್ಲ. "ನಿಮ್ ಮೇಸ್ತ್ರಿ ಯಾರು, ಅವ್ರ ನಂಬರ್ ಕೊಡಿ" ಅಂದ್ರು, ನನ್ ಕಡೆ ತಿರುಗಿ "ಆ ಹಲಗೆ ಎಲ್ಲಿಟ್ಟಿದೀರ ಸರ್?" ಅಂದ್ರು.